ಎಣಿಸಿದವರು ಯಾರು, ಯಾವ ಹೆಸರಿನಲ್ಲಿ: ಮಾನವ ಹಕ್ಕುಗಳ ಪ್ರಬಂಧಕ್ಕೆ ಆಕರ ಹುಡುಕುವ ಕುರಿತು

(ಹಾವೇರಿ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಮತ್ತು ಸಮಾಜಶಾಸ್ತ್ರದ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ನಡೆದ ಚರ್ಚೆಯ ಒಂದು ಭಾಗವನ್ನು ಸೇರಿಸಿದ್ದೇನೆ.)

ಅಧ್ಯಾಪಕ ಮಿತ್ರರೆ, ವಿದ್ಯಾರ್ಥಿಗಳೆ,

ಮಾನವ ಹಕ್ಕುಗಳ ಕುರಿತು ಪ್ರಬಂಧ ಬರೆಯಬೇಕಾದವರಿಗೆ ಒಳ್ಳೆಯ ಆಕರಗಳು ಯಾವುವು ಎಂಬುದನ್ನು ತಿಳಿಸಿಕೊಡಬೇಕೆಂದು ನನಗೆ ಬಂದ ಆಹ್ವಾನಪತ್ರದಲ್ಲಿ ಕೇಳಲಾಗಿತ್ತು. ಒಂದು ಪಟ್ಟಿ ಬರೆದುಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಆದರೆ ಹಲವು ವರ್ಷ ಇಂಥ ಪ್ರಬಂಧಗಳನ್ನು ತಿದ್ದಿದ ಮೇಲೆ ನನಗೆ ಅನಿಸಿರುವುದು ಏನೆಂದರೆ, ಪಟ್ಟಿಯಲ್ಲಿನ ಪ್ರತಿಷ್ಠಿತ ಆಕರಗಳನ್ನೆಲ್ಲ ಬಳಸಿಯೂ ದಾರಿ ತಪ್ಪುವ ಪ್ರಬಂಧಗಳು ಬಹಳ. ಆದ್ದರಿಂದ ಇಂದು ಒಂದೇ ವಿಷಯವನ್ನು ಹಿಡಿದು ಅದರ ಆಕರಗಳ ಬೆನ್ನು ಹತ್ತಿ ಹೋಗೋಣ. ಆ ವಿಷಯ ಮಲ ಹೊರುವ ಪದ್ಧತಿ. ಈ ಜಿಲ್ಲೆಯಲ್ಲಿ ನಿಂತು ಅದನ್ನು ಆರಿಸಿಕೊಂಡದ್ದಕ್ಕೆ ಹೆಚ್ಚಿನ ಸಮರ್ಥನೆ ಬೇಕಿಲ್ಲ. 2010ರ ಜುಲೈ ತಿಂಗಳಲ್ಲಿ ಸವಣೂರಿನ ಭಂಗಿ ಸಮುದಾಯದವರು ಪುರಸಭೆಯ ಮುಂದೆ ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು ಪ್ರತಿಭಟಿಸಿದಾಗ ನಿಮ್ಮಲ್ಲಿ ಹಲವರು ಅಂಗನವಾಡಿಗೆ ಹೋಗುತ್ತಿದ್ದಿರಬಹುದು. ನಿಮ್ಮ ಮನೆಯ ಹಿರಿಯರಿಗೆ ಅದು ಚೆನ್ನಾಗಿ ನೆನಪಿರುತ್ತದೆ.

ಎರಡು ಸರ್ಕಾರಿ ಉತ್ತರಗಳಿಂದ ಆರಂಭಿಸುತ್ತೇನೆ. 2021ರ ಫೆಬ್ರುವರಿಯಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯವು ಲೋಕಸಭೆಗೆ ಕೊಟ್ಟ ಉತ್ತರದ ಪ್ರಕಾರ, 2020ರ ಡಿಸೆಂಬರ್ 31ಕ್ಕೆ ಮುಗಿದ ಐದು ವರ್ಷಗಳಲ್ಲಿ ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್‌ಗಳನ್ನು ಸ್ವಚ್ಛಗೊಳಿಸುವಾಗ ಸತ್ತವರು 340 ಮಂದಿ. ಅದೇ ವರ್ಷದ ಜುಲೈ ಕೊನೆಯಲ್ಲಿ ರಾಜ್ಯಸಭೆಯಲ್ಲಿ, ನಮ್ಮ ರಾಜ್ಯದವರೇ ಆದ ಮಲ್ಲಿಕಾರ್ಜುನ ಖರ್ಗೆ ಮತ್ತು ಎಲ್. ಹನುಮಂತಯ್ಯನವರು ಕೇಳಿದ ಪ್ರಶ್ನೆಗೆ ಅದೇ ಸಚಿವಾಲಯದಿಂದ ಬಂದ ಲಿಖಿತ ಉತ್ತರ: ಮಲ ಹೊರುವ ಕೆಲಸದಿಂದ ಸಾವು ಸಂಭವಿಸಿದ ವರದಿ ಇಲ್ಲ. ಒಬ್ಬ ವಿದ್ಯಾರ್ಥಿಗೆ ಮೊದಲ ಕಾಗದ ಸಿಕ್ಕಿತು ಎಂದುಕೊಳ್ಳಿ, ಅವನ ಪ್ರಬಂಧದಲ್ಲಿ 340 ಸಾವುಗಳಿರುತ್ತವೆ. ಪಕ್ಕದ ಬೆಂಚಿನವನಿಗೆ ಎರಡನೆಯದು ಸಿಕ್ಕಿತು, ಅವನ ಪ್ರಬಂಧದಲ್ಲಿ ಒಂದೂ ಸಾವಿಲ್ಲ. ಇಬ್ಬರ ಅಡಿಟಿಪ್ಪಣಿಯಲ್ಲಿಯೂ ಸಂಸತ್ತಿನ ಹೆಸರಿದೆ, ಎರಡೂ ಪ್ರಾಥಮಿಕ ಆಕರಗಳು. ನಮ್ಮ ಸಂಶೋಧನಾ ವಿಧಾನದ ಪಠ್ಯಗಳು ಹೇಳುವ ಪರೀಕ್ಷೆಗಳಲ್ಲಿ, ಅಂದರೆ ಅಧಿಕೃತತೆ, ಸಮಕಾಲೀನತೆ, ನೇರ ಮೂಲ ಎಂಬ ಮೂರರಲ್ಲೂ, ಇಬ್ಬರೂ ಪೂರ್ಣ ಅಂಕ ಪಡೆಯುತ್ತಾರೆ.

ಈ ಎರಡು ಉತ್ತರಗಳ ನಡುವೆ ಇರುವುದು ಕಾನೂನಿನ ಒಂದು ವ್ಯಾಖ್ಯೆ. ಮಲ ಹೊರುವವರ ನೇಮಕ ನಿಷೇಧ ಮತ್ತು ಪುನರ್ವಸತಿಗೆ ಸಂಬಂಧಿಸಿದ 2013ರ ಅಧಿನಿಯಮದ 2ನೇ ಕಲಂ ತೆರೆದು ನೋಡಿ. ಅನೈರ್ಮಲ್ಯದ ಶೌಚಾಲಯದಿಂದ, ಅಂಥ ಶೌಚಾಲಯದ ಹೊಲಸು ಹೋಗಿ ಸೇರುವ ತೆರೆದ ಚರಂಡಿ ಇಲ್ಲವೆ ಗುಂಡಿಯಿಂದ, ಅಥವಾ ರೈಲು ಹಳಿಯ ಮೇಲಿನಿಂದ, ಮಲವು ಪೂರ್ತಿ ಕೊಳೆತು ಹೋಗುವ ಮೊದಲು ಅದನ್ನು ಕೈಯಿಂದ ಬಾಚುವ, ಸಾಗಿಸುವ, ವಿಲೇವಾರಿ ಮಾಡುವ ವ್ಯಕ್ತಿ 'ಮಲ ಹೊರುವವರು'. ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿಗೆ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಅದೇ ಕಲಂನಲ್ಲಿ ಬೇರೆಯದೇ ಹೆಸರು ಪಡೆದಿದೆ: 'ಅಪಾಯಕಾರಿ ಸ್ವಚ್ಛತಾ ಕೆಲಸ'. ಎರಡೂ ನಿಷಿದ್ಧವೇ, ಎರಡಕ್ಕೂ ಶಿಕ್ಷೆ ಇದೆ. ಆದರೆ ಮ್ಯಾನ್‌ಹೋಲ್‌ನಲ್ಲಿ ಉಸಿರುಗಟ್ಟಿ ಸತ್ತವರನ್ನು ಎರಡನೆಯ ಹೆಸರಿನ ಕೆಳಗೆ ಬರೆದುಕೊಂಡರೆ, ಮೊದಲನೆಯ ಹೆಸರಿನ ಕೆಳಗಿನ ಕಾಲಂ ಖಾಲಿ ಉಳಿಯುತ್ತದೆ. ಸಂಸದರು ಜನರ ಮಾತಿನಲ್ಲಿ ಕೇಳಿದರು, ಸಚಿವಾಲಯ ಅಧಿನಿಯಮದ ಮಾತಿನಲ್ಲಿ ಉತ್ತರಿಸಿತು. ಅಕ್ಷರಶಃ ಓದಿದರೆ ಉತ್ತರದಲ್ಲಿ ಸುಳ್ಳಿಲ್ಲ. ಓದುಗನಿಗೆ ಸತ್ಯ ತಿಳಿಯಿತೇ ಎಂದರೆ ಅದೂ ಇಲ್ಲ.

ಮಳೆಯ ಮೇಲೆ ಪ್ರಬಂಧ ಬರೆಯುವ ವಿದ್ಯಾರ್ಥಿಗೆ ಈ ಕಷ್ಟವಿಲ್ಲ, ಏಕೆಂದರೆ ಮಳೆಗೂ ಹವಾಮಾನ ಇಲಾಖೆಗೂ ಯಾವ ವ್ಯಾಜ್ಯವೂ ಇಲ್ಲ. ಮಾನವ ಹಕ್ಕುಗಳ ವಿಷಯದಲ್ಲಿ ಹಾಗಲ್ಲ. ಹಕ್ಕನ್ನು ಕಾಪಾಡಬೇಕಾದ ಕರ್ತವ್ಯ ಪ್ರಭುತ್ವದ್ದು, ಅದು ಉಲ್ಲಂಘನೆಯಾದಾಗ ಉತ್ತರ ಕೊಡಬೇಕಾದದ್ದೂ ಪ್ರಭುತ್ವ, ಉಲ್ಲಂಘನೆಗಳ ಲೆಕ್ಕ ಬರೆದಿಡುವುದೂ ಬಹುತೇಕ ಅದೇ. ಆಪಾದಿತನ ಕೈಯಲ್ಲೇ ದಫ್ತರ ಇರುವ ಕ್ಷೇತ್ರ ಇದು. ಇದರಿಂದ ಸರ್ಕಾರಿ ದಾಖಲೆಗಳನ್ನು ನಂಬಬಾರದು ಎಂಬ ತೀರ್ಮಾನಕ್ಕೆ ಹಾರಬೇಡಿ. ಅದು ಸೋಮಾರಿಯ ತೀರ್ಮಾನ. ನಮ್ಮ ವಿಷಯದಲ್ಲಿ ಅತ್ಯಂತ ಬಲವಾದ ಸಾಕ್ಷ್ಯಗಳು ಸರ್ಕಾರದ ಕಾಗದಗಳಲ್ಲೇ ಇವೆ. ಒಂದು ಉದಾಹರಣೆ ಸಾಕು: 2021ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ಕೊಟ್ಟ ಉತ್ತರವೊಂದರಲ್ಲಿ, ಗುರುತಿಸಲಾದ ಮಲ ಹೊರುವವರ ಪೈಕಿ ಜಾತಿಯ ಮಾಹಿತಿ ಲಭ್ಯವಿರುವ 43,797 ಮಂದಿಯಲ್ಲಿ 42,594 ಮಂದಿ ಪರಿಶಿಷ್ಟ ಜಾತಿಗೆ ಸೇರಿದವರು ಎಂದಿದೆ. ಅಂದರೆ ಶೇಕಡ 97. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿ ಏಳು ದಶಕಗಳಾದ ಮೇಲೆ ಈ ಕೆಲಸ ಯಾರ ಪಾಲಿಗೆ ಉಳಿದಿದೆ ಎಂದು ತೋರಿಸಲು ಹತ್ತು ಪುಟದ ವಾದಕ್ಕಿಂತ ಈ ಒಂದು ಕೋಷ್ಟಕ ಹೆಚ್ಚು ಕೆಲಸ ಮಾಡುತ್ತದೆ. ಆದ್ದರಿಂದ ಆಕರ ಕೈಗೆ ಬಂದಾಗ ಕೇಳಬೇಕಾದದ್ದು 'ಇದು ನಂಬಲರ್ಹವೇ' ಎಂಬ ಒಂದೇ ಪ್ರಶ್ನೆಯನ್ನಲ್ಲ. ಯಾರು ಎಣಿಸಿದರು, ಏನನ್ನು ಎಣಿಸಿದರು, ಯಾವ ಹೆಸರಿನ ಕೆಳಗೆ ಎಣಿಸಿದರು, ಎಣಿಸಿದ್ದರಿಂದ ಅವರಿಗೇ ತೊಂದರೆಯಾಗುವುದಿತ್ತೇ ಎಂದೂ ಕೇಳಬೇಕು.

ಈ ಪ್ರಶ್ನೆಗಳನ್ನು ಹಿಡಿದು ನಮ್ಮ ವಿಷಯದ ಪ್ರಸಿದ್ಧ ಅಂಕಿಗಳ ಬಳಿ ಹೋಗೋಣ. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ವಿದ್ಯಾರ್ಥಿಗಳ ಪ್ರಬಂಧಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. 2011ರ ಜನಗಣತಿಯ ಮನೆಪಟ್ಟಿಯಲ್ಲಿ, ಮನುಷ್ಯರೇ ಮಲ ತೆಗೆಯುವ 7,94,390 ಶೌಚಾಲಯಗಳು ದಾಖಲಾದವು. ಮಲವನ್ನು ನೇರವಾಗಿ ತೆರೆದ ಚರಂಡಿಗೆ ಬಿಡುವ 13 ಲಕ್ಷಕ್ಕೂ ಹೆಚ್ಚು ಶೌಚಾಲಯಗಳು ಮತ್ತು ಪ್ರಾಣಿಗಳು ತಿಂದು ತೆರವು ಮಾಡುವ ಸುಮಾರು 5 ಲಕ್ಷ ಶೌಚಾಲಯಗಳು ಬೇರೆ ಸಾಲುಗಳಲ್ಲಿವೆ; ಮೂರನ್ನೂ ಕೂಡಿಸಿದರೆ 26 ಲಕ್ಷ ದಾಟುತ್ತದೆ. ಹಾಗಾಗಿ ಒಂದೇ ಜನಗಣತಿಯನ್ನು ಹೆಸರಿಸಿ ಒಬ್ಬ ಲೇಖಕ 8 ಲಕ್ಷ ಎನ್ನುತ್ತಾನೆ, ಇನ್ನೊಬ್ಬ 26 ಲಕ್ಷ ಎನ್ನುತ್ತಾನೆ. ಮಲವು ತೆರೆದ ಚರಂಡಿಗೆ ಹೋದ ಮೇಲೆ ಆ ಚರಂಡಿಯನ್ನು ಯಾರೋ ಬಾಚಲೇಬೇಕಷ್ಟೆ, ಆದ್ದರಿಂದ ಎರಡನೆಯವನ ವಾದಕ್ಕೂ ಆಧಾರವಿದೆ. ಆದರೆ ತಾನು ಯಾವ ಸಾಲುಗಳನ್ನು ಕೂಡಿಸಿದೆ ಎಂದು ಅವನು ಹೇಳಬೇಕು.

ಗಮನಿಸಿ, ಜನಗಣತಿ ಎಣಿಸಿದ್ದು ಶೌಚಾಲಯಗಳನ್ನು, ಮನುಷ್ಯರನ್ನಲ್ಲ. ಅದೇ ವರ್ಷದ ಹೆಸರು ಹೊತ್ತ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ 1,80,657 ಎಂಬ ಅಂಕಿ ಬರುತ್ತದೆ. ಅವು ಗ್ರಾಮೀಣ ಕುಟುಂಬಗಳು. ಪಟ್ಟಣಗಳು ಆ ಲೆಕ್ಕದಲ್ಲಿಲ್ಲ, ಒಂದು ಕುಟುಂಬದಲ್ಲಿ ಎಷ್ಟು ಮಂದಿ ಆ ಕೆಲಸಕ್ಕೆ ಹೋಗುತ್ತಿದ್ದರು ಎಂಬುದೂ ಇಲ್ಲ. ಮೂರನೆಯದು 58,098. ಇದು 2013ರ ಕಾಯ್ದೆಯಡಿ ನಡೆದ ಸಮೀಕ್ಷೆ ಮತ್ತು 2018ರಲ್ಲಿ ಆಯ್ದ ಜಿಲ್ಲೆಗಳಲ್ಲಷ್ಟೇ ನಡೆದ ಸಮೀಕ್ಷೆ, ಇವೆರಡರಲ್ಲಿ ಗುರುತಿಸಲಾದ ವ್ಯಕ್ತಿಗಳ ಸಂಖ್ಯೆ. ಸಾಲದ್ದಕ್ಕೆ 2021ರ ಆರಂಭದ ಸಂಸದೀಯ ಉತ್ತರಗಳಲ್ಲಿ ಇದೇ ಜಾಗದಲ್ಲಿ 66,692 ಎಂಬ ಸಂಖ್ಯೆ ಕಾಣಿಸುತ್ತದೆ. ಆದ್ದರಿಂದ ಉತ್ತರದ ದಿನಾಂಕವಿಲ್ಲದೆ ಈ ಅಂಕಿಯನ್ನು ಎಂದೂ ಬಳಸಬೇಡಿ.

ಈಗ ಇವನ್ನು ಒಂದು ರೇಖಾಚಿತ್ರದಲ್ಲಿ ಸಾಲಾಗಿ ನಿಲ್ಲಿಸಿ, 'ಎಂಟು ಲಕ್ಷದಿಂದ ಅರವತ್ತು ಸಾವಿರಕ್ಕೆ ಇಳಿಕೆ, ಶ್ಲಾಘನೀಯ ಪ್ರಗತಿ' ಎಂದು ಬರೆದ ಪ್ರಬಂಧವನ್ನು ನಾನು ಕಣ್ಣಾರೆ ನೋಡಿದ್ದೇನೆ. ಬರೆದವನು ಶ್ರದ್ಧಾವಂತ ಹುಡುಗ, ಮೂರೂ ಅಂಕಿಗಳನ್ನು ಮೂಲದಿಂದಲೇ ತೆಗೆದಿದ್ದ. ಅವನು ಶೌಚಾಲಯಗಳಿಂದ ಕುಟುಂಬಗಳನ್ನು, ಕುಟುಂಬಗಳಿಂದ ಮನುಷ್ಯರನ್ನು ಕಳೆದಿದ್ದ, ಅಷ್ಟೆ. ಸಮೀಕ್ಷೆಯ ಸಂಖ್ಯೆ ಏಕೆ ಸಣ್ಣದು ಎಂಬುದಕ್ಕೂ ಒಂದು ಕಾರಣವಿದೆ. ತನ್ನ ಪಟ್ಟಣದಲ್ಲಿ ಈ ಕೆಲಸ ಮಾಡುವವರು ಇದ್ದಾರೆ ಎಂದು ಬರೆದುಕೊಟ್ಟ ಸ್ಥಳೀಯ ಸಂಸ್ಥೆಯು ತಾನು ಕಾನೂನು ಪಾಲಿಸಿಲ್ಲ ಎಂದು ತಾನೇ ಸಹಿ ಮಾಡಿದಂತೆ. ಹೆಸರು ನೋಂದಾಯಿಸಲು ಬರಬೇಕಾದವರ ಕಡೆಯಿಂದಲೂ ಯೋಚಿಸಿ: ಊರ ಮುಂದೆ ಶಿಬಿರದಲ್ಲಿ ನಿಂತು 'ನಾನು ಈ ಕೆಲಸ ಮಾಡುವವಳು' ಎಂದು ಹೇಳಿಕೊಳ್ಳುವುದು ಯಾವ ಸಂಕೋಚವೂ ಇಲ್ಲದ ಕೆಲಸವಲ್ಲ.

ಕಾನೂನಿನ ಇಸವಿಗಳಲ್ಲಿಯೂ ಇಂಥದೇ ಬಲೆಗಳಿವೆ. ಒಣ ಶೌಚಾಲಯಗಳನ್ನು ಮತ್ತು ಮಲ ಹೊರುವವರ ನೇಮಕವನ್ನು ನಿಷೇಧಿಸಿದ ಮೊದಲ ಕೇಂದ್ರ ಕಾಯ್ದೆ 1993ರದು ಎಂದು ಎಲ್ಲರೂ ಬರೆಯುತ್ತಾರೆ. ಅದನ್ನು ಕೋರಿ ನಿರ್ಣಯ ಅಂಗೀಕರಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೆ ಆ ಆರು ರಾಜ್ಯಗಳಲ್ಲಿಯೂ ಅದು ಜಾರಿಗೆ ಬಂದದ್ದು 1997ರ ಜನವರಿ 26ರಂದು. ನಡುವಿನ ಸುಮಾರು ಮೂರೂವರೆ ವರ್ಷ ಕಾಯ್ದೆ ಪುಸ್ತಕದಲ್ಲಿತ್ತು, ಬೀದಿಯಲ್ಲಿರಲಿಲ್ಲ. ಅಧಿನಿಯಮದ ಪ್ರತಿಯ ಜೊತೆಗೆ ರಾಜಪತ್ರದ ಅಧಿಸೂಚನೆಯನ್ನೂ ನೋಡುವ ಅಭ್ಯಾಸ ಇದ್ದವರಿಗೆ ಮಾತ್ರ ಈ ಅಂತರ ಕಾಣುತ್ತದೆ. ಇನ್ನು ಹಿಂದಕ್ಕೆ ಹೋದರೆ, 1970ರ ದಶಕದಲ್ಲಿ, ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಷೇಧಿಸಿದ್ದರು. ನಮ್ಮ ರಾಜ್ಯ ಕೇಂದ್ರಕ್ಕಿಂತ ಸುಮಾರು ಎರಡು ದಶಕ ಮುಂದಿತ್ತು ಎಂದು ಹೆಮ್ಮೆಯಿಂದ ಬರೆಯುವ ಮುನ್ನ ಆ ಕಾಲದ ಸರ್ಕಾರಿ ಆದೇಶವನ್ನು ಮತ್ತು ವಿಧಾನಸಭೆಯ ನಡಾವಳಿಗಳನ್ನು ಓದಿ. ನಡಾವಳಿಗಳು ಗಣಕೀಕೃತವಾಗಿ ಸಿಗುತ್ತವೆ, ಮತ್ತು ಕನ್ನಡದಲ್ಲಿ ಬರೆಯುವ ವಿದ್ಯಾರ್ಥಿಗೆ ಅವು ಚಿನ್ನದ ಗಣಿ, ಏಕೆಂದರೆ ಸದಸ್ಯರು ತಮ್ಮ ಕ್ಷೇತ್ರದ ಊರು, ಕೇರಿ, ಪುರಸಭೆಗಳ ಹೆಸರು ಹಿಡಿದು ಮಾತನಾಡಿರುತ್ತಾರೆ. ಸಂವಿಧಾನ ಸಭೆಯ ಚರ್ಚೆಗಳೂ ಈಗ ಹುಡುಕಲು ಸುಲಭ. ಬೆಂಗಳೂರಿನ ಕಾನೂನು ಸಂಶೋಧನಾ ಸಂಸ್ಥೆಯೊಂದು ಅವುಗಳನ್ನು ದಿನವಾರು, ವಿಷಯವಾರು ಜೋಡಿಸಿಟ್ಟಿದೆ. ಅಸ್ಪೃಶ್ಯತೆಯ ವಿಧಿ ಚರ್ಚೆಯಾಗಿ ಅಂಗೀಕಾರವಾದದ್ದು 1948ರ ನವೆಂಬರ್ 29ರಂದು. ಆ ಒಂದು ದಿನದ ನಡಾವಳಿಯನ್ನು ಪೂರ್ತಿ ಓದಲು ಒಂದು ಸಂಜೆ ಸಾಕು.

ಹಳೆಯ ದಾಖಲೆಗಳಲ್ಲಿ ಹುಡುಕುವಾಗ ಯಾವ ಪದದಿಂದ ಹುಡುಕುತ್ತೀರಿ ಎಂಬುದೇ ಅರ್ಧ ಕೆಲಸ. ಇಂದಿನ 'ಮಲ ಹೊರುವ ಪದ್ಧತಿ' ಎಂಬ ಮಾತು ಹಳೆಯ ಪುರಸಭಾ ವರದಿಗಳಲ್ಲಿ ಸಿಗುವುದು ಅಪರೂಪ. ಅಲ್ಲಿ 'ಕನ್ಸರ್ವೆನ್ಸಿ' (ಊರಿನ ಕಸ, ಮಲ ತೆಗೆಸುವ ವ್ಯವಸ್ಥೆ), 'ನೈಟ್ ಸಾಯಿಲ್' (ಮಲ), 'ಜಾಡಮಾಲಿ' ಎಂಬ ಪದಗಳಿರುತ್ತವೆ, ಜಾತಿಯ ಹೆಸರನ್ನೇ ಹುದ್ದೆಯ ಹೆಸರಾಗಿ ಬರೆದಿರುವುದೂ ಉಂಟು. ಹುಡುಕಾಟಕ್ಕೆ ಆ ಪದಗಳು ಬೇಕು, ಉದ್ಧರಣ ಚಿಹ್ನೆಯೊಳಗೂ ಇರಲಿ, ನಿಮ್ಮ ಸ್ವಂತ ವಾಕ್ಯದಲ್ಲಿ ಬೇಡ. ಇದಕ್ಕೆ ವಿರುದ್ಧವಾದ ತಪ್ಪೂ ಸಾಮಾನ್ಯ: 'ಪೌರಕಾರ್ಮಿಕ' ಎಂಬ ಪದವನ್ನು ಎಲ್ಲೆಡೆ ಹಾಕಿಬಿಡುವುದು. ಬೀದಿ ಗುಡಿಸುವ, ಕಸ ಸಾಗಿಸುವ ಪೌರಕಾರ್ಮಿಕರ ಸಂಬಳ ಮತ್ತು ಕಾಯಮಾತಿಯ ಹೋರಾಟ ಒಂದು ದೊಡ್ಡ ವಿಷಯ. ಅದಕ್ಕೂ ನಮ್ಮ ವಿಷಯಕ್ಕೂ ಕರುಳಬಳ್ಳಿಯ ಸಂಬಂಧವಿದ್ದರೂ ಎರಡರ ಕಾನೂನು, ಅಂಕಿ, ಆಕರಗಳು ಬೇರೆ.

ನ್ಯಾಯಾಲಯದ ತೀರ್ಪುಗಳಿಗೆ ಬರೋಣ. ಈ ವಿಷಯದಲ್ಲಿ ಓದಲೇಬೇಕಾದವು ಎರಡು. ಮೊದಲನೆಯದು ಮಲ ಹೊರುವ ಪದ್ಧತಿಯ ವಿರುದ್ಧ ಹೋರಾಡುವ ಸಫಾಯಿ ಕರ್ಮಚಾರಿ ಆಂದೋಲನದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2014ರ ಮಾರ್ಚ್ 27ರಂದು ನೀಡಿದ ತೀರ್ಪು. ಆ ಸಂಘಟನೆಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಬೆಜವಾಡ ವಿಲ್ಸನ್ ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದವರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅರ್ಜಿ ಸಲ್ಲಿಕೆಯಾದದ್ದು 2003ರಲ್ಲಿ, ತೀರ್ಪು ಬರಲು ಹನ್ನೊಂದು ವರ್ಷ ಹಿಡಿಯಿತು. ಈ ಕಾಲಾವಧಿಯೇ ನಿಮ್ಮ ಪ್ರಬಂಧದಲ್ಲಿ ಒಂದು ಪ್ಯಾರಾ ಆಗಬಲ್ಲದು. 1993ರಿಂದ ಈಚೆಗೆ ಒಳಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ನ್ಯಾಯಾಲಯ ಆದೇಶಿಸಿತು. ಎರಡನೆಯದು 2023ರ ಅಕ್ಟೋಬರ್ 20ರ ಬಲರಾಮ್ ಸಿಂಗ್ ಪ್ರಕರಣದ ತೀರ್ಪು; ಅದು ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಇಂದಿಗೂ 10 ಲಕ್ಷವೆಂದೇ ಬರೆದ ಪ್ರಬಂಧಗಳು ಬರುತ್ತವೆ, ಏಕೆಂದರೆ ಅವು ಹಳೆಯ ಪ್ರಬಂಧಗಳಿಂದ ಇಳಿದು ಬಂದವು.

ತೀರ್ಪನ್ನು ಓದುವ ಕ್ರಮ ಗೊತ್ತಿಲ್ಲದಿದ್ದರೆ ತೀರ್ಪಿನಿಂದಲೇ ದಾರಿ ತಪ್ಪಬಹುದು. ತೀರ್ಪಿನಲ್ಲಿ ಅರ್ಜಿದಾರರ ವಾದ ಇರುತ್ತದೆ, ಸರ್ಕಾರದ ಪ್ರಮಾಣಪತ್ರಗಳ ಸಾರ ಇರುತ್ತದೆ, ಹಳೆಯ ತೀರ್ಪುಗಳ ಉದ್ಧರಣ ಇರುತ್ತದೆ, ಅನಂತರ ನ್ಯಾಯಾಲಯದ ಸ್ವಂತ ನಿರ್ಣಯ ಮತ್ತು ನಿರ್ದೇಶನಗಳು ಬರುತ್ತವೆ. ವಕೀಲರ ವಾದದಿಂದ ಒಂದು ಸಾಲನ್ನು ಎತ್ತಿ 'ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ' ಎಂದು ಬರೆಯುವುದು ನಾನು ಅತಿ ಹೆಚ್ಚು ಸಲ ಕೆಂಪು ಶಾಯಿ ಬಳಸಿದ ತಪ್ಪು. ನೀವು ಉದ್ಧರಿಸುವ ಪ್ಯಾರಾ ಯಾರ ಬಾಯಿಯದು ಎಂದು ಎರಡು ಪುಟ ಹಿಂದೆ ಹೋಗಿ ಖಚಿತಪಡಿಸಿಕೊಳ್ಳಿ. ಸುಪ್ರೀಂ ಕೋರ್ಟಿನ ವರದಿಗಳು ಈಗ ಉಚಿತವಾಗಿ ಸಿಗುತ್ತವೆ, ಹಲವು ತೀರ್ಪುಗಳ ಕನ್ನಡ ಅನುವಾದವೂ ಲಭ್ಯ. ಅನುವಾದವನ್ನು ಅರ್ಥಮಾಡಿಕೊಳ್ಳಲು ಬಳಸಿ, ಆದರೆ ಅಧಿಕೃತ ಪಠ್ಯ ಇಂಗ್ಲಿಷಿನದೇ ಆದ್ದರಿಂದ ಉಲ್ಲೇಖ ಕೊಡುವಾಗ ಮೂಲವನ್ನು ತಾಳೆ ನೋಡಿ.

ಇಲ್ಲಿಯೇ ಇನ್ನೊಂದು ಮಾತು. ಮೊಬೈಲಿನ ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ತೀರ್ಪುಗಳ ಹೆಸರನ್ನು ಅದು ಸರಾಗವಾಗಿ ಕೊಡುತ್ತದೆ. ಕೆಲವೊಮ್ಮೆ ಇಲ್ಲದ ತೀರ್ಪನ್ನೂ ಕೊಡುತ್ತದೆ. ನ್ಯೂಯಾರ್ಕಿನಲ್ಲಿ 2023ರಲ್ಲಿ ಇಂಥ ಇಲ್ಲದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿದ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ದೂರದ ಮಾತು ಬೇಡವೆಂದರೆ, 2025ರಲ್ಲಿ ಬೆಂಗಳೂರಿನ ಕೆಳ ನ್ಯಾಯಾಲಯವೊಂದರ ಆದೇಶದಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ಉಲ್ಲೇಖವಾಗಿದ್ದನ್ನು ಕರ್ನಾಟಕ ಹೈಕೋರ್ಟ್ ಗಂಭೀರವಾಗಿ ಪರಿಗಣಿಸಿತು. ಯಂತ್ರವನ್ನು ಕೇಳಬೇಡಿ ಎಂದು ನಾನು ಹೇಳಿದರೆ ನೀವು ಕೇಳುವವರಲ್ಲ. ಅದು ಕೊಟ್ಟ ಹೆಸರಿನ ಮೂಲ ಪ್ರತಿಯನ್ನು ನೀವೇ ತೆರೆದು ಓದುವ ತನಕ ಅದು ಆಕರವಲ್ಲ, ಬೀದಿಯಲ್ಲಿ ಯಾರೋ ಹೇಳಿದ ವಿಳಾಸ, ಎಂದು ಮಾತ್ರ ಇಟ್ಟುಕೊಳ್ಳಿ. ವಿಕಿಪೀಡಿಯಕ್ಕೂ ಇದೇ ಮಾತು ಅನ್ವಯ.

ಅಂತರರಾಷ್ಟ್ರೀಯ ಆಕರಗಳ ವಿಷಯದಲ್ಲಿ ನಮ್ಮ ಪ್ರಬಂಧಗಳು ಒಂದು ಸಂಪ್ರದಾಯವನ್ನು ಪಾಲಿಸುತ್ತವೆ. 1948ರ ಡಿಸೆಂಬರ್ 10ರ ಸಾರ್ವತ್ರಿಕ ಘೋಷಣೆಯಿಂದ ಎರಡು ವಿಧಿಗಳನ್ನು ಮೊದಲ ಪುಟದಲ್ಲಿ ಇಟ್ಟು, ಮಂಗಳಾರತಿ ಮಾಡಿ, ಮುಂದೆ ಹೋಗುವುದು. ಘೋಷಣೆಯ ಕನ್ನಡ ಅನುವಾದ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯ ಸಂಗ್ರಹದಲ್ಲಿದೆ, ಓದಬೇಕಾದದ್ದೇ. ಆದರೆ ಅದು ಒಪ್ಪಂದವಲ್ಲ. ಭಾರತವನ್ನು ಬದ್ಧಗೊಳಿಸುವುದು 1979ರ ಏಪ್ರಿಲ್ 10ರಂದು ನಾವು ಸೇರಿದ ಎರಡು ಒಡಂಬಡಿಕೆಗಳು (ಒಂದು ನಾಗರಿಕ ಮತ್ತು ರಾಜಕೀಯ ಹಕ್ಕುಗಳದು, ಇನ್ನೊಂದು ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳದು) ಮತ್ತು 1968ರಲ್ಲಿ ಅನುಮೋದಿಸಿದ ಜನಾಂಗೀಯ ತಾರತಮ್ಯ ನಿರ್ಮೂಲನೆಯ ಒಪ್ಪಂದ. ಪ್ರತಿ ಒಪ್ಪಂದಕ್ಕೂ ಒಂದು ಸಮಿತಿ ಇದೆ, ಸರ್ಕಾರ ಅದಕ್ಕೆ ವರದಿ ಕೊಡುತ್ತದೆ, ಸಂಘಟನೆಗಳು ಪರ್ಯಾಯ ವರದಿ ಕೊಡುತ್ತವೆ, ಕೊನೆಗೆ ಸಮಿತಿ ತನ್ನ ಅಭಿಪ್ರಾಯ ಬರೆಯುತ್ತದೆ. ಜನಾಂಗೀಯ ತಾರತಮ್ಯದ ಸಮಿತಿಯ ಮುಂದೆ 2007ರಲ್ಲಿ ಭಾರತದ ನಿಲುವು ಏನಾಗಿತ್ತು ಎಂದರೆ, ಒಪ್ಪಂದದಲ್ಲಿರುವ 'ವಂಶಮೂಲ' ಎಂಬ ಪದದೊಳಗೆ ಜಾತಿ ಬರುವುದಿಲ್ಲ. ಬರುತ್ತದೆ ಎಂದು ಸಮಿತಿ ಹೇಳಿತು. ಮತ್ತೆ ನೋಡಿ, ವ್ಯಾಜ್ಯ ಒಂದು ಪದದ ಮೇಲೆ.

ಸಮಯ ಕಡಿಮೆ ಇರುವ ವಿದ್ಯಾರ್ಥಿಗೆ ನಾನು ಸೂಚಿಸುವುದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯ ಸಾರ್ವತ್ರಿಕ ನಿಯತಕಾಲಿಕ ಪರಿಶೀಲನೆಯ, ಅಂದರೆ ಪ್ರತಿ ದೇಶದ ಮಾನವ ಹಕ್ಕುಗಳ ಸ್ಥಿತಿಯನ್ನು ಸರದಿಯಂತೆ ಪರಿಶೀಲಿಸುವ ವ್ಯವಸ್ಥೆಯ, ಕಾಗದಗಳನ್ನು. ಭಾರತದ ಸರದಿ 2008, 2012, 2017 ಮತ್ತು 2022ರಲ್ಲಿ ಬಂದಿತ್ತು. ಪ್ರತಿ ಸಲವೂ ಮೂರು ದಾಖಲೆಗಳು ಅಕ್ಕಪಕ್ಕದಲ್ಲಿರುತ್ತವೆ: ಸರ್ಕಾರದ ವರದಿ, ವಿಶ್ವಸಂಸ್ಥೆಯ ಅಂಗಗಳ ಮಾಹಿತಿಯ ಸಂಕಲನ, ಮತ್ತು ನಾಗರಿಕ ಸಂಘಟನೆಗಳು ಕೊಟ್ಟದ್ದರ ಸಾರ. ಒಂದೇ ವಿಷಯದ ಮೇಲೆ ಈ ಮೂರೂ ಏನು ಹೇಳುತ್ತವೆ, ಯಾವುದು ಎಲ್ಲಿ ಮೌನವಾಗಿದೆ ಎಂದು ಹೋಲಿಸುವುದೇ ಒಂದು ಅಧ್ಯಾಯ. ಸಂಘಟನೆಗಳ ವರದಿಗಳನ್ನು ಓದುವಾಗ ವಿಧಾನದ ಪುಟವನ್ನು ಮೊದಲು ಓದಿ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2014ರಲ್ಲಿ ಪ್ರಕಟಿಸಿದ ವರದಿ ಮಲ ಹೊರುವವರ ಬಾಯಿಂದಲೇ ಅವರ ಅನುಭವವನ್ನು ದಾಖಲಿಸಿದ ಅಮೂಲ್ಯ ಆಕರ, ಆದರೆ ಅದರ ಕ್ಷೇತ್ರಕಾರ್ಯ ನಡೆದದ್ದು ಉತ್ತರ, ಮಧ್ಯ ಮತ್ತು ಪಶ್ಚಿಮ ಭಾರತದ ರಾಜ್ಯಗಳಲ್ಲಿ. ಅದನ್ನು ಹಿಡಿದು ಹಾವೇರಿಯ ಬಗ್ಗೆ ಬರೆಯಲಾಗದು.

ಹಾವೇರಿಯ ಬಗ್ಗೆ ಬರೆಯಲು ಕನ್ನಡ ದಿನಪತ್ರಿಕೆಗಳ ಜಿಲ್ಲಾ ಪುಟಗಳು ಬೇಕು. 'ಮ್ಯಾನ್‌ಹೋಲ್‌ಗೆ ಇಳಿದಿದ್ದ ಇಬ್ಬರು ಉಸಿರುಗಟ್ಟಿ ಸಾವು' ಎಂಬ ಒಂದು ಕಾಲಂನ ಸುದ್ದಿ ರಾಜಧಾನಿಯ ಆವೃತ್ತಿಗೆ ಬರುವುದೇ ಇಲ್ಲ, ಅಂತರ್ಜಾಲದಲ್ಲಿಯೂ ಬಹಳ ದಿನ ಉಳಿಯುವುದಿಲ್ಲ. ಗ್ರಂಥಾಲಯದಲ್ಲಿ ದೂಳು ಹಿಡಿದು ಕುಳಿತಿರುವ ಕಟ್ಟುಗಳಲ್ಲಿ ಅದು ಇರುತ್ತದೆ. ಆ ಸುದ್ದಿಯನ್ನು ಪ್ರಬಂಧದ ಕೊನೆಯ ನಿಲ್ದಾಣವೆಂದು ತಿಳಿಯಬೇಡಿ, ಅಲ್ಲಿಂದ ಪ್ರಯಾಣ ಆರಂಭಿಸಿ. ಸುದ್ದಿಯಲ್ಲಿ ಠಾಣೆಯ ಹೆಸರಿರುತ್ತದೆ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಅಂತರ್ಜಾಲದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದೆ. ಆ ಎಫ್‌ಐಆರ್‌ನಲ್ಲಿ ಕಥೆಗಿಂತ ಮೊದಲು ಕಲಂಗಳನ್ನು ನೋಡಿ. ನಿರ್ಲಕ್ಷ್ಯದಿಂದಾದ ಸಾವು ಎಂದಷ್ಟೇ, ಅಂದರೆ ಹಿಂದಿನ ಭಾರತೀಯ ದಂಡ ಸಂಹಿತೆಯ 304ಎ ಅಥವಾ ಈಗಿನ ನ್ಯಾಯ ಸಂಹಿತೆಯ 106ನೇ ಕಲಂನಷ್ಟೇ ಹಾಕಿದ್ದಾರೆಯೇ? 2013ರ ಕಾಯ್ದೆ ಇದೆಯೇ? ಸತ್ತವರು ಪರಿಶಿಷ್ಟ ಜಾತಿಯವರಾಗಿದ್ದರೆ, ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾಗಿ ಸೇರಿದ, ಮಲ ಹೊರಿಸುವುದನ್ನೇ ಅಪರಾಧವಾಗಿಸಿದ 3(1)(ಜೆ) ಉಪಕಲಂ ಇದೆಯೇ? ಅದೇ ಸಾವು ಮೊದಲನೆಯ ಕಲಂನಡಿ ಅಪಘಾತವಾಗುತ್ತದೆ, ಕೊನೆಯದರಡಿ ಜಾತಿ ದೌರ್ಜನ್ಯವಾಗುತ್ತದೆ. ಹತ್ತು ಎಫ್‌ಐಆರ್‌ಗಳನ್ನು ಹೀಗೆ ಓದಿದ ವಿದ್ಯಾರ್ಥಿಗೆ ಅವನದೇ ಆದ ಒಂದು ಮಾತು ಹೇಳಲು ಸಿಗುತ್ತದೆ. ಎಫ್‌ಐಆರ್ ಆರೋಪವೇ ಹೊರತು ರುಜುವಾತಾದ ಸಂಗತಿಯಲ್ಲ ಎಂಬುದನ್ನು ಮಾತ್ರ ಮರೆಯಬೇಡಿ.

ಕೊನೆಯದಾಗಿ, ಕೇರಿಗೆ ಹೋಗಿ ಜನರನ್ನು ಮಾತನಾಡಿಸುವ ಬಗ್ಗೆ. ಹೋಗಬೇಡಿ ಎನ್ನಲಾರೆ, ಆದರೆ ಎಲ್ಲ ಕಾಗದಗಳನ್ನು ಓದಿ ಮುಗಿಸಿದ ಮೇಲೆ ಹೋಗಿ. ಕಾಗದದಲ್ಲಿ ಸಿಗುವ ಉತ್ತರಕ್ಕಾಗಿ ಒಬ್ಬ ಹೆಣ್ಣುಮಗಳ ಹಳೆಯ ಗಾಯವನ್ನು ಕೆದಕುವ ಹಕ್ಕು ಪ್ರಬಂಧ ಬರೆಯುವವರಿಗೆ ಇಲ್ಲ. ಒಮ್ಮೆ ನನ್ನ ಜೊತೆ ಬಂದಿದ್ದ ವಿದ್ಯಾರ್ಥಿಯೊಬ್ಬ, 'ಅಜ್ಜಿ, ಎಷ್ಟು ವರ್ಷ ಹೊತ್ತಿರಿ?' ಎಂದು ಬಾಗಿಲಲ್ಲೇ ಕೇಳಿಬಿಟ್ಟ. ಆಕೆ ಒಳಗೆ ಓದುತ್ತಿದ್ದ ಮೊಮ್ಮಗಳ ಕಡೆ ಕಣ್ಣು ತೋರಿಸಿ, 'ಅದಕ್ಕ ಗೊತ್ತಿಲ್ಲಪಾ, ಮೆಲ್ಲಕ ಮಾತಾಡು' ಎಂದರು. ಧ್ವನಿಮುದ್ರಣಕ್ಕೆ, ಹೆಸರು ಬಳಸುವುದಕ್ಕೆ, ಊರು ಹೇಳುವುದಕ್ಕೆ ಬೇರೆ ಬೇರೆಯಾಗಿ ಒಪ್ಪಿಗೆ ಪಡೆಯಿರಿ. ಗುತ್ತಿಗೆದಾರನ ಕೈಕೆಳಗೆ ಈಗಲೂ ಕೆಲಸ ಮಾಡುವವರಾದರೆ ಹೆಸರಷ್ಟೇ ಬದಲಿಸಿದರೆ ಸಾಲದು. ಮೂರು ಜನ ಕೆಲಸಗಾರರಿರುವ ಪಟ್ಟಣದ ಹೆಸರನ್ನು ಬರೆದರೆ ಹೆಸರು ಬರೆದಂತೆಯೇ.

ಉಪನ್ಯಾಸದ ನಂತರ ವಿದ್ಯಾರ್ಥಿನಿಯೊಬ್ಬರು ಎದ್ದು ನಿಂತು ಕೇಳಿದರು: 'ಸರ್, ನಮ್ಮೂರಿನ ಸ್ಥಳೀಯ ಸಂಸ್ಥೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೆ. ಮಲ ಹೊರುವವರು ಯಾರೂ ಇಲ್ಲ ಅಂತ ಬರೆದು ಕೊಟ್ಟಿದ್ದಾರೆ. ಅದನ್ನು ಪ್ರಬಂಧದಲ್ಲಿ ಹಾಕಬಹುದಾ?' ಹಾಕಲೇಬೇಕು, ಅರ್ಜಿಯ ದಿನಾಂಕ, ಕೇಳಿದ ಪ್ರಶ್ನೆಯ ಮಾತುಗಳು, ಉತ್ತರದ ದಿನಾಂಕ ಮತ್ತು ಸಹಿ ಮಾಡಿದವರ ಹುದ್ದೆಯ ಸಮೇತ ಹಾಕಬೇಕು ಎಂದೆ. ಅವರು ಅರ್ಜಿಯ ಪ್ರತಿಯನ್ನು ತೋರಿಸಿದರು. ಪ್ರಶ್ನೆ ಒಂದೇ ಸಾಲು, 'ತಮ್ಮ ವ್ಯಾಪ್ತಿಯಲ್ಲಿ ಮಲ ಹೊರುವವರು ಎಷ್ಟು ಮಂದಿ ಇದ್ದಾರೆ?' ಉತ್ತರವೂ ಒಂದೇ ಸಾಲು. ಅಭಿಪ್ರಾಯ ಕೇಳಿದರೆ ಕಚೇರಿ ಅಭಿಪ್ರಾಯ ಕೊಡುತ್ತದೆ, ದಾಖಲೆ ಕೇಳಿದರೆ ದಾಖಲೆ ಕೊಡಬೇಕಾಗುತ್ತದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು, ಏಕೆ ಬೇಕೆಂದು ಕಾರಣ ಹೇಳುವ ಅಗತ್ಯವೂ ಇಲ್ಲ. ಅಲ್ಲೇ ಬೆಂಚಿನ ಮೇಲೆ ಕುಳಿತು ಇಬ್ಬರೂ ಹೊಸ ಅರ್ಜಿಯನ್ನು ಬರೆದೆವು: ಕಳೆದ ಮೂರು ವರ್ಷಗಳಲ್ಲಿ ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್ ಸ್ವಚ್ಛತೆಗೆ ಮಾಡಿಕೊಂಡ ಗುತ್ತಿಗೆ ಕರಾರುಗಳ ಪ್ರತಿ, ಸಕ್ಕಿಂಗ್ ಯಂತ್ರದ ಖರೀದಿ ಬಿಲ್ಲು ಮತ್ತು ಅದರ ದಿನಚರಿ ಪುಸ್ತಕದ ಪುಟಗಳು, ಕೈಗವಸು, ಗಮ್‌ಬೂಟು, ಮುಖವಾಡಗಳ ಖರೀದಿ ಮತ್ತು ವಿತರಣೆಯ ವಹಿ, ಯಂತ್ರ ಕೆಟ್ಟು ನಿಂತಿದ್ದ ದಿನಗಳಲ್ಲಿ ಬಂದ ದೂರುಗಳ ಪಟ್ಟಿ ಮತ್ತು ಅವುಗಳನ್ನು ಹೇಗೆ ಪರಿಹರಿಸಲಾಯಿತು ಎಂಬ ನಮೂದು. 2013ರ ಕಾಯ್ದೆಯಡಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕಾದ ಜಿಲ್ಲಾ ಜಾಗೃತಿ ಸಮಿತಿಯ ಸಭಾ ನಡಾವಳಿಗಳನ್ನು ಕೇಳಲು ಬೇರೆ ಅರ್ಜಿ ಬೇಕಿತ್ತು. ಅದನ್ನು ಅವರು ಮನೆಗೆ ಹೋಗಿ ಬರೆಯುತ್ತೇನೆ ಎಂದರು.